ಕೋಳಿಯ ಪುಕ್ಕವನ್ನು ಕೋಳಿಯೇ ಕಿತ್ತರೆ?

ಮಕ್ಕಳೇ, ಕೋಳಿಗಳು ಒಂದನ್ನೊಂದು ಕುಕ್ಕುವುದನ್ನು ನೀವು ನೋಡಿಯೇ ಇರುತ್ತೀರಿ. ಆದರೆ ಒಂದು ಕೋಳಿ ಇನ್ನೊಂದರ ಬೆನ್ನಿನ ಪುಕ್ಕ ಕಿತ್ತು ನುಂಗುವುದನ್ನು ನೋಡಿದ್ದೀರಾ?

ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಹತ್ತಿರ ಬಂದಳು. “ಸಾರ್, ನಮ್ಮ ಕೋಳಿಗಳು ಬೋಳಾಯ್ತಾ ಅವೆ. ಎರಡು ಸತ್ತೇ ಹೋದೊ. ಯಾವುದೋ ಒಂದು ಕೆಟ್ಟ ಕೋಳಿ ಸೇರ್ಕೊಂಡದೆ ಅಂತಾರೆ ನಮ್ಮವ್ವ” ಎಂದಳು. ಅವರ ಮನೆಯವರು ಸಾಲ ಮಾಡಿ 30 ಗಿರಿರಾಜ ಮರಿಗಳನ್ನು ತಂದಿದ್ದರು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ 1980ರ ದಶಕದಲ್ಲಿ ರೂಪಿಸಿದ, ಹಿತ್ತಲಲ್ಲಿ ಸಾಕಬಹುದಾದ ತಳಿ ಇದು. ಹೀಗೇ ಆದರೆ ಎಲ್ಲವನ್ನೂ ಸಂತೆಯಲ್ಲಿ ಮಾರಿಬಿಡುವುದೆಂದು ಮನೆಯಲ್ಲಿ ಮಾತಾಗಿತ್ತು.

ಸಂಜೆ ಅವರ ಮನೆಗೆ ಹೋದೆ. ನಾಯಿ, ಮುಂಗುಸಿಗಳ ಕಾಟಕ್ಕೆ ಹೆದರಿ ಕೋಳಿಗಳನ್ನು ಹಗಲೂ ರಾತ್ರಿ ಒಂದು ತಗಡಿನ ಗೂಡಿನಲ್ಲೇ ಕೂಡಿದ್ದರು. ಉದ್ದ 6 ಅಡಿ, ಅಗಲ 5 ಅಡಿ. ಲೆಕ್ಕ ಹಾಕಿ, ಒಂದು ಕೋಳಿಗೆ ಎಷ್ಟು ಜಾಗ ಸಿಕ್ಕಿತು? ಸುಮಾರು 1 ಚದರ ಅಡಿ! ಬೆಳೆದ ಕೋಳಿಗೆ ಕನಿಷ್ಠ 2 ಚದರ ಅಡಿಯಾದರೂ ಬೇಕು. ನೆಲ ಸಿಮೆಂಟಿನದು. ಮೇಲೊಂದು ದೊಡ್ಡ ಬಲ್ಬು. ತಿನ್ನಲು ಅಕ್ಕಿ ನುಚ್ಚು, ರಾಗಿ ಮಾತ್ರ.

ಇಲ್ಲಿ ಒಂದು ವಿಷಯ ತಿಳಿಯಬೇಕು. ಕುಕ್ಕುವುದರಲ್ಲಿ ಎರಡು ಬಗೆ. ಒಂದು ಜಗಳದ ಕುಕ್ಕು. ನಾರ್ವೆಯ ಶೆಲ್ಡೆರಪ್-ಎಬ್ಬೆ ಎಂಬಾತ ಬಾಲ್ಯದಿಂದಲೇ ಕೋಳಿಗಳನ್ನು ಗಮನಿಸುತ್ತಿದ್ದ. ಕೋಳಿಗಳಲ್ಲಿ ಯಾರು ಮೇಲು, ಯಾರು ಕೆಳಗೆ ಎಂಬ ಶ್ರೇಣಿ ಇರುತ್ತದೆ, ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ ಎಂದು 1921ರಲ್ಲಿ ಪ್ರಕಟಿಸಿದ. ಆ ಪೆಟ್ಟು ಹೆಚ್ಚಾಗಿ ತಲೆಗೆ ಬೀಳುತ್ತದೆ. ಪುಕ್ಕ ಕೀಳುವುದು ಹಾಗಲ್ಲ. ಅದು ಬೆನ್ನು ಮತ್ತು ಬಾಲದ ಬುಡದಲ್ಲಿ ನಡೆಯುತ್ತದೆ. ಕೀಳುವ ಕೋಳಿಗೆ ಸಿಟ್ಟೇ ಇರುವುದಿಲ್ಲ! ಹುಳು ಹೆಕ್ಕುವಷ್ಟೇ ಶಾಂತವಾಗಿ ಅದು ಪುಕ್ಕ ಹೆಕ್ಕುತ್ತದೆ.

ಗುಟ್ಟು ಇರುವುದು ಅಲ್ಲೇ. ತಿಪ್ಪೆಯ ಮೇಲೆ ಬಿಟ್ಟ ಕೋಳಿಯನ್ನು ನೋಡಿ. ಕಾಲಲ್ಲಿ ಕೆದಕುತ್ತದೆ, ಹಿಂದಕ್ಕೆ ಸರಿಯುತ್ತದೆ, ಕುಕ್ಕುತ್ತದೆ. ದಿನದ ಬಹುಪಾಲು ಇದೇ ಕೆಲಸ. ಹೊಟ್ಟೆ ತುಂಬಿದ್ದರೂ ಬಿಡುವುದಿಲ್ಲ, ಅದು ಹುಟ್ಟುಗುಣ. ಸಿಮೆಂಟಿನ ನೆಲದಲ್ಲಿ ಕೆದಕಲು ಏನಿದೆ? ಕೊಕ್ಕಿಗೆ ಎದುರಿಗೆ ಸಿಗುವುದು ಪಕ್ಕದ ಕೋಳಿಯ ಪುಕ್ಕ. ಒಮ್ಮೆ ರಕ್ತ ಬಂದರಂತೂ ಮುಗಿಯಿತು. ಆ ಕೆಂಪು ಬಣ್ಣ ಉಳಿದ ಕೋಳಿಗಳನ್ನೂ ಸೆಳೆಯುತ್ತದೆ. ಪ್ರಖರ ಬೆಳಕಿನಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಒಂದನ್ನು ನೋಡಿ ಇನ್ನೊಂದು ಕಲಿಯುತ್ತದೆ.

ಇನ್ನು ಆಹಾರ. ಪುಕ್ಕ ಬಹುತೇಕ ಪ್ರೋಟೀನಿನಿಂದಲೇ ಆದದ್ದು. ಅದರ ಹೆಸರು ಕೆರಾಟಿನ್, ನಿಮ್ಮ ಕೂದಲು, ಉಗುರುಗಳಲ್ಲಿ ಇರುವುದೂ ಅದೇ ಬಗೆಯ ಪ್ರೋಟೀನು. ಅದನ್ನು ಕಟ್ಟಲು ಗಂಧಕ ಇರುವ ಅಮೈನೋ ಆಮ್ಲಗಳು ಬೇಕು. ಅವುಗಳಲ್ಲಿ ಮೆಥಿಯೋನಿನ್ ಮುಖ್ಯ. ಕೋಳಿ ಅದನ್ನು ತಾನೇ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. ಬೆಳೆಯುವ ಮರಿಯ ಆಹಾರದಲ್ಲಿ 100 ಗ್ರಾಮಿಗೆ ಸುಮಾರು 20 ಗ್ರಾಂ ಪ್ರೋಟೀನ್ ಇರಬೇಕು. ರಾಗಿಯಲ್ಲಿ ಇರುವುದು ಸುಮಾರು 7 ಗ್ರಾಂ. ನುಚ್ಚಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ರಾಗಿ ಕೆಟ್ಟದ್ದೆಂದು ಅರ್ಥವಲ್ಲ, ರಾಗಿಯೊಂದೇ ಸಾಲದು ಅಷ್ಟೆ. ಹೊರಗೆ ಮೇಯುವ ಕೋಳಿ ಗೆದ್ದಲು, ಎರೆಹುಳು ತಿಂದು ಈ ಕೊರತೆಯನ್ನು ತುಂಬಿಕೊಳ್ಳುತ್ತದೆ. ಕೂಡಿಟ್ಟ ಕೋಳಿ ಏನು ಮಾಡೀತು?

ಉಪ್ಪಿನ ಅಂಶ ಕಡಿಮೆಯಾದರೂ, ನಾರಿನ ಅಂಶ ಕಡಿಮೆಯಾದರೂ ಈ ಚಟ ಹೆಚ್ಚುತ್ತದೆ. (ಉಪ್ಪು ಬೇಕೆಂದು ನೀವೇ ಹಿಡಿ ತುಂಬ ಸುರಿಯಬೇಡಿ! ಹೆಚ್ಚಾದರೆ ಕೋಳಿಗೆ ಅದು ವಿಷ.) ಅಂಗಡಿಯ ಗುಳಿಗೆ ಆಹಾರವನ್ನು ಕೋಳಿ ಬೇಗ ತಿಂದು ಮುಗಿಸುತ್ತದೆ. ಹಿಟ್ಟಿನ ರೂಪದ್ದಾದರೆ ಹೆಕ್ಕಲು ಹೆಚ್ಚು ಹೊತ್ತು ಬೇಕು. ಕೊಕ್ಕು ಅಷ್ಟು ಹೊತ್ತು ಕೆಲಸದಲ್ಲಿರುತ್ತದೆ.

ದೊಡ್ಡ ಫಾರಂಗಳಲ್ಲಿ ಮರಿಯಿದ್ದಾಗಲೇ ಕೊಕ್ಕಿನ ತುದಿಯನ್ನು ಕಾಯಿಸಿದ ಅಲಗಿನಿಂದ ಕತ್ತರಿಸುವುದುಂಟು. ಹಾನಿ ಕಡಿಮೆಯಾಗುವುದು ನಿಜ. ಆದರೆ ಕೊಕ್ಕಿನ ತುದಿಯಲ್ಲಿ ನರಗಳಿವೆ, ನೋವಾಗುತ್ತದೆ. ಕೀಳಲು ಕಾರಣವಾದ ಕೊರತೆ ಮಾತ್ರ ಹಾಗೆಯೇ ಉಳಿಯುತ್ತದೆ. ನನಗೆ ಈ ದಾರಿ ಒಪ್ಪಿಗೆಯಿಲ್ಲ.

ಹಾಗಾದರೆ ಆ ಮನೆಯಲ್ಲಿ ಏನು ಮಾಡಿದರು? ಮೊದಲು ಗಾಯವಾದ ಕೋಳಿಗಳನ್ನು ಬೇರೆ ಇಟ್ಟು ಪಶು ಆಸ್ಪತ್ರೆಯ ಮುಲಾಮು ಹಚ್ಚಿದರು. ಗೂಡಿನ ಮುಂದೆ ಬಲೆ ಕಟ್ಟಿ ಅಂಗಳ ಮಾಡಿ, ಹಗಲಲ್ಲಿ ಅಲ್ಲಿಗೆ ಬಿಟ್ಟರು. ಗೂಡಿನ ನೆಲಕ್ಕೆ ನಾಲ್ಕು ಬೆರಳು ದಪ್ಪ ಭತ್ತದ ಹೊಟ್ಟು ಹಾಸಿ, ಅದರ ಮೇಲೆ ಕಾಳು ಚೆಲ್ಲಿದರು. ಕೆದಕಲಿ ಎಂದು! ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ನಾಲೆ ನೀರಿನ ಗದ್ದೆಗಳಿರುವುದರಿಂದ ಅಕ್ಕಿ ಗಿರಣಿಗಳಲ್ಲಿ ಈ ಹೊಟ್ಟು ಸಿಗುತ್ತದೆ. ನಾಗಮಂಗಲದ ಕಡೆಯವರು ಒಣಗಿದ ಎಲೆ, ಕಡಲೆಕಾಯಿ ಸಿಪ್ಪೆ ಹಾಸಬಹುದು. ಹೊಟ್ಟು ಯಾವುದೇ ಇರಲಿ, ಒದ್ದೆಯಾಗಬಾರದು. ಆಹಾರಕ್ಕೆ ಎಳ್ಳಿನ ಹಿಂಡಿ ಸೇರಿತು, ಅದರಲ್ಲಿ ಮೆಥಿಯೋನಿನ್ ಚೆನ್ನಾಗಿದೆ. ಆದರೆ ಒಂದೇ ದಿನಕ್ಕೆ ಬದಲಿಸದೆ ವಾರವಿಡೀ ಸ್ವಲ್ಪ ಸ್ವಲ್ಪವೇ ಬೆರೆಸಿದರು. ಸೊಪ್ಪಿನ ಕಟ್ಟನ್ನು ಕೊಕ್ಕಿಗೆ ಎಟಕುವಂತೆ ತೂಗುಹಾಕಿದರು. ದೊಡ್ಡ ಬಲ್ಬು ತೆಗೆದರು. ಕೂರಲು ಅಡ್ಡ ಕೋಲು ಕಟ್ಟಿದರು.

ಹುಡುಗಿಗೆ ನಾನು ಒಂದು ಕೆಲಸ ಕೊಟ್ಟಿದ್ದೆ. ದಿನಾ ಸಂಜೆ 10 ನಿಮಿಷ ಕೂತು, ನೆಲವನ್ನು ಕುಕ್ಕಿದರೆ ಒಂದು ಕಡೆ, ಪುಕ್ಕವನ್ನು ಕುಕ್ಕಿದರೆ ಇನ್ನೊಂದು ಕಡೆ ಗೆರೆ ಹಾಕುವುದು. ನಿಮ್ಮ ಮನೆಯಲ್ಲಿ ಕೋಳಿ ಇದ್ದರೆ ನೀವೂ ಮಾಡಿ ನೋಡಿ. ತಿಂಗಳ ನಂತರ ಅವಳ ನೋಟ್‌ಪುಸ್ತಕ ನೋಡಿದೆ. ಪುಕ್ಕದ ಕಡೆಯ ಗೆರೆಗಳು ಕಡಿಮೆಯಾಗಿದ್ದವು, ಪೂರ್ತಿ ನಿಂತಿರಲಿಲ್ಲ. ಒಂದು ಹೇಂಟೆ ಮಾತ್ರ ಚಟ ಬಿಟ್ಟಿರಲಿಲ್ಲ, ಅದನ್ನು ಬೇರೆ ಕೂಡಿದ್ದರು. ಬೋಳು ಬೆನ್ನುಗಳ ಮೇಲೆ ಹೊಸ ಪುಕ್ಕ ಮುಳ್ಳಿನಂತೆ ಮೊಳೆತಿತ್ತು. ಎಳೆಯ ಪುಕ್ಕದೊಳಗೆ ರಕ್ತ ಹರಿಯುತ್ತಿರುತ್ತದೆ, ಕಿತ್ತರೆ ಮತ್ತೆ ರಕ್ತ. ಅದಕ್ಕೇ ಆ ಕೋಳಿಗಳನ್ನು ಪುಕ್ಕ ಬಲಿಯುವ ತನಕ ಬೇರೆಯೇ ಇಡಿ ಎಂದು ಹೇಳಿ ಬಂದೆ.