ಸಣ್ಣ ಡೀಸೆಲ್ ಕಾರಿನ ಮೈಲೇಜು: ಕಂಪನಿಯ ಅಂಕಿ, ನಮ್ಮ ರಸ್ತೆಯ ಅಂಕಿ

ವ್ಯಾಪಾರಸ್ಥನಿಗೆ ಕಾರು ಒಂದು ಕಾಲದಲ್ಲಿ ಪ್ರತಿಷ್ಠೆಯ ವಸ್ತುವಾಗಿತ್ತು. ಇಂದು ಅದು ತಕ್ಕಡಿ, ದೂರವಾಣಿಗಳಂತೆ ಅಂಗಡಿಯ ಒಂದು ಉಪಕರಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಮಟ್ಟಿಗಂತೂ ಈ ಮಾತು ಹೆಚ್ಚು ಸತ್ಯ. ಬೆಳಿಗ್ಗೆ ಕೊಟ್ಟೂರಿನ ಮಾರುಕಟ್ಟೆ ಪ್ರಾಂಗಣದಲ್ಲಿ ಶೇಂಗಾ ಟೆಂಡರು, ಮಧ್ಯಾಹ್ನ ಹರಪನಹಳ್ಳಿಯಲ್ಲಿ ಬಾಕಿ ವಸೂಲಿ, ಸಂಜೆಯೊಳಗೆ ಹೊಸಪೇಟೆಯಲ್ಲಿ ಒಂದು ಕಚೇರಿಯ ಕೆಲಸ, ಹೀಗೆ ಒಂದೇ ದಿನದಲ್ಲಿ ಮೂರು ಊರು ತಿರುಗಬೇಕಾದವರು ನಮ್ಮಲ್ಲಿ ಅನೇಕರು. ಇಂಥವರೆಲ್ಲ ಕಳೆದ ಇಪ್ಪತ್ತು ವರ್ಷಗಳಲ್ಲಿ ಸಣ್ಣ ಡೀಸೆಲ್ ಕಾರನ್ನು ಕೊಳ್ಳಲು ಇದ್ದ ಕಾರಣ ಒಂದೇ: ಲೀಟರಿಗೆ ಇಷ್ಟು ಕಿಲೋಮೀಟರು ಎಂಬ ಭರವಸೆ. ಆ ಭರವಸೆ ನಮ್ಮ ರಸ್ತೆಗಳಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ಖರ್ಚು-ವೆಚ್ಚದ ಪ್ರಶ್ನೆಯಾದುದರಿಂದ ಇಲ್ಲಿ ವಿವರವಾಗಿ ನೋಡುವುದು ಉಚಿತ.

1998ರ ಡಿಸೆಂಬರಿನಲ್ಲಿ ಟಾಟಾ ಸಂಸ್ಥೆಯು ಇಂಡಿಕಾ ಕಾರನ್ನು ಹೊರತಂದಾಗ ಸಣ್ಣ ಕಾರಿನಲ್ಲಿ ಡೀಸೆಲ್ ಎಂಜಿನ್ ಎಂಬುದು ಜನಸಾಮಾನ್ಯರ ಕೈಗೆಟುಕಿತು. 2007ರಲ್ಲಿ ಮಾರುತಿ ಸ್ವಿಫ್ಟ್ ಕಾರಿಗೆ ಫಿಯೆಟ್ ಮೂಲದ 1248 ಸಿ.ಸಿ. ಡೀಸೆಲ್ ಎಂಜಿನ್ ಬಂದಿತು. ಅದೇ ಎಂಜಿನ್ ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಫಿಯೆಟ್ ಪುಂಟೊ ಮೊದಲಾದ ಹಲವು ಕಾರುಗಳಲ್ಲಿ ಕುಳಿತು, ಯಾವ ಊರಿನ ಮೆಕ್ಯಾನಿಕ್ಕಿಗೂ ಪರಿಚಿತವಾಯಿತು. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ಹೊಗೆ ನಿಯಮ ಜಾರಿಯಾದಾಗ ಮಾರುತಿ ಸಂಸ್ಥೆ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಆದುದರಿಂದ ನಮ್ಮ ಸದಸ್ಯರ ಮನೆ ಮುಂದೆ ನಿಂತಿರುವ ಸಣ್ಣ ಡೀಸೆಲ್ ಕಾರುಗಳು ಬಹುತೇಕ ಹಳೆಯವು. ಈಗ ಕೈ ಬದಲಾಗುತ್ತಿರುವವೂ ಅವೇ.

ಕಾಗದದ ಮೇಲಿನ ಅಂಕಿ

2017ರ ಡಿಸೈರ್ ಡೀಸೆಲ್ ಕಾರಿಗೆ ಲೀಟರಿಗೆ 28.4 ಕಿ.ಮೀ., 2015ರ ಸೆಲೇರಿಯೊ ಡೀಸೆಲ್‌ಗೆ 27.62 ಕಿ.ಮೀ. ಎಂದು ಪ್ರಕಟಿಸಲಾಗಿತ್ತು. ಇವು ಸುಳ್ಳು ಅಂಕಿಗಳಲ್ಲ. ಪುಣೆಯ ಭಾರತೀಯ ವಾಹನ ಸಂಶೋಧನಾ ಸಂಘದಂಥ ಸಂಸ್ಥೆಗಳಲ್ಲಿ ಅಳೆದು ಕೊಟ್ಟವು. ಆದರೆ ಅಳೆದದ್ದು ರಸ್ತೆಯ ಮೇಲಲ್ಲ. ಕಾರನ್ನು ಒಳಾಂಗಣದಲ್ಲಿ ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿಯಾದ ಕ್ರಮದಲ್ಲಿ 1180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೂ ಕಡಿಮೆ ಹೊತ್ತು ಓಡಿಸುತ್ತಾರೆ. ಅದರಲ್ಲಿ 780 ಸೆಕೆಂಡು ಪಟ್ಟಣದ ನಿಧಾನಗತಿಯ ಓಟ, ಉಳಿದ 400 ಸೆಕೆಂಡು ಹೊರರಸ್ತೆಯ ಓಟ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಹವಾನಿಯಂತ್ರಣ ಬಂದ್. ಎದುರುಗಾಳಿ ಇಲ್ಲ, ಉಬ್ಬಿಲ್ಲ, ಡಿಕ್ಕಿಯಲ್ಲಿ ಚೀಲವಿಲ್ಲ. ಎಲ್ಲ ಕಾರುಗಳಿಗೂ ಒಂದೇ ಪರೀಕ್ಷೆಯಾದುದರಿಂದ ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಈ ಅಂಕಿ ಯೋಗ್ಯವಾದುದು. ವರ್ಷದ ಇಂಧನ ಖರ್ಚನ್ನು ಅಂದಾಜು ಮಾಡಲು ಯೋಗ್ಯವಲ್ಲ. ಐದನೆಯ ಒಂದು ಭಾಗವನ್ನು ಕಳೆದು ಹಿಡಿಯುವುದು ಕ್ಷೇಮವೆಂಬುದು ಈ ಲೇಖಕನ ಅಭಿಪ್ರಾಯ. 28.4 ಎಂದಿದ್ದಲ್ಲಿ 22.7 ಎಂದುಕೊಳ್ಳಬೇಕು. ಡೀಸೆಲ್ ಲೀಟರಿಗೆ 91 ರೂಪಾಯಿ ಇದ್ದಾಗ ವರ್ಷಕ್ಕೆ 36,000 ಕಿ.ಮೀ. ಓಡುವವನಿಗೆ ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ಸುಮಾರು 29 ಸಾವಿರ ರೂಪಾಯಿ. ಇದು ಒಬ್ಬ ಹುಡುಗನ ಎರಡು-ಮೂರು ತಿಂಗಳ ಸಂಬಳಕ್ಕೆ ಸಮ.

ನಮ್ಮ ರಸ್ತೆಗಳು

ಐದೂ ತಾಲ್ಲೂಕುಗಳ ರಸ್ತೆ ಒಂದೇ ಬಗೆಯದಲ್ಲ. ಕೂಡ್ಲಿಗಿಯವರಿಗೆ ಚಿತ್ರದುರ್ಗ–ಹೊಸಪೇಟೆ ನಡುವಿನ ರಾಷ್ಟ್ರೀಯ ಹೆದ್ದಾರಿ 50 ಇದೆ. ನಾಲ್ಕು ಪಥದ ನೇರ ರಸ್ತೆ. ಇಲ್ಲಿ ಕಾರು ಒಳ್ಳೆಯ ಮೈಲೇಜು ಕೊಡಬೇಕಲ್ಲವೇ? ಕೊಡುತ್ತದೆ, ಆದರೆ ವೇಗವನ್ನು ಹಿಡಿತದಲ್ಲಿಟ್ಟವರಿಗೆ ಮಾತ್ರ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರ ಬದಲು 100ರಲ್ಲಿ ಓಡಿದರೆ ಆ ತಡೆ ಒಂದೂವರೆ ಪಟ್ಟಿಗೂ ಹೆಚ್ಚು. ಆಷಾಢದ ಗಾಳಿಯ ಲೆಕ್ಕವೂ ಇದೇ. ಗಂಟೆಗೆ 20 ಕಿ.ಮೀ. ವೇಗದ ಗಾಳಿ ಎದುರಿನಿಂದ ಬೀಸುತ್ತಿದ್ದರೆ 80ರಲ್ಲಿ ಹೋಗುವ ಕಾರಿಗೆ 100ರಲ್ಲಿ ಹೋದಷ್ಟು ತಡೆ. ಹರಪನಹಳ್ಳಿ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದವರು ಗಾಳಿಯಿಲ್ಲದೆ ನಿಲ್ಲಿಸಲಿಲ್ಲ ಎಂಬುದನ್ನು ಮೈಲೇಜು ಬರಲಿಲ್ಲವೆಂದು ಗ್ಯಾರೇಜಿಗೆ ಓಡುವವರು ನೆನೆಯಬೇಕು.

ಒಳರಸ್ತೆಗಳದು ಬೇರೆಯೇ ಕಥೆ. ಊರಿಂದೂರಿಗೆ ಇಪ್ಪತ್ತು, ಮೂವತ್ತು, ನಲವತ್ತು ಕಿಲೋಮೀಟರಿನ ಹಂತಗಳು. ಪ್ರತಿ ಹಳ್ಳಿಯ ಆದಿ-ಅಂತ್ಯದಲ್ಲಿ ಉಬ್ಬುಗಳು. ಸುಗ್ಗಿಯಲ್ಲಿ ಅರ್ಧ ರಸ್ತೆಯ ಮೇಲೆ ಮೆಕ್ಕೆಜೋಳದ ರಾಶಿ, ಇನ್ನರ್ಧದಲ್ಲಿ ಟ್ರ್ಯಾಕ್ಟರು. ಸಣ್ಣ ಟರ್ಬೊ ಡೀಸೆಲ್ ಎಂಜಿನ್ನಿನ ಒಂದು ಗುಣವನ್ನು ಇಲ್ಲಿ ತಿಳಿದಿರಬೇಕು. ನಿಮಿಷಕ್ಕೆ ಸುಮಾರು 1,800–2,000 ಸುತ್ತುಗಳ ಕೆಳಗೆ ಅದು ಮಂಕು. ಉಬ್ಬು ದಾಟಿದ ಮೇಲೆ ಮೂರನೆಯ ಗೇರಿನಲ್ಲೇ ಎಳೆಸಿದರೆ ಕಾರು ಏಳುವುದಿಲ್ಲ; ಎರಡನೆಯದಕ್ಕೆ ಇಳಿಸಿ ಒತ್ತಿದರೆ ಇಂಧನ ಸುರಿಯುತ್ತದೆ. ಉಬ್ಬು ದೂರದಲ್ಲಿ ಕಂಡೊಡನೆ ಪೆಡಲಿನಿಂದ ಕಾಲು ತೆಗೆದು, ಗೇರಿನಲ್ಲೇ ಉರುಳಿಬಿಡುವವನು ಮಾತ್ರ ಇಲ್ಲಿ ಉಳಿಸುತ್ತಾನೆ. ಆ ಹೊತ್ತಿನಲ್ಲಿ ಇಂದಿನ ಎಂಜಿನ್ನುಗಳು ಇಂಧನವನ್ನೇ ಸಿಂಪಡಿಸುವುದಿಲ್ಲ. ನ್ಯೂಟ್ರಲ್ ಹಾಕಿ ಬಿಡುವುದು ಹಳೆಯ ಕಾಲದ ಉಪಾಯ. ಈಗ ಅದರಿಂದ ಲಾಭವಿಲ್ಲ, ಅಪಾಯವಿದೆ.

ಎಲ್ಲರೂ ಹೀಗೆ ನಿಧಾನವಾಗಿ ಓಡಿಸಬೇಕೆಂದು ಹೇಳುವಂತೆಯೂ ಇಲ್ಲ. ಹಡಗಲಿಯ ಮಲ್ಲಿಗೆ ಬೆಳಗಿನ ಸರಕು. ತಡವಾದರೆ ಹೂವಿನ ಬೆಲೆಯಲ್ಲಿ ಹೋಗುವ ಹಣ ಡೀಸೆಲಿನಲ್ಲಿ ಉಳಿದ ಹಣಕ್ಕಿಂತ ಹೆಚ್ಚು. ಅಂಥವರಿಗೆ ಮೈಲೇಜು ಎರಡನೆಯ ಮಾತು.

ಬಿಸಿಲು, ಧೂಳು, ಭಾರ ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೇಸಿಗೆಯಲ್ಲಿ ಹವಾನಿಯಂತ್ರಣವಿಲ್ಲದೆ ಓಡಾಡುವುದು ಸಾಧ್ಯವಿಲ್ಲ, ಅದಕ್ಕೆ ಇಂಧನ ಬೇಕು. ಟೈರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿಸಬೇಕು. ಕೂಡ್ಲಿಗಿ ಕಡೆಯ ಕೆಂಪು ಧೂಳಿನಲ್ಲಿ ಓಡುವವರು ಗಾಳಿ ಸೋಸುಕವನ್ನು ಕಂಪನಿಯ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದಲೇ ಬದಲಿಸುವುದು ಒಳ್ಳೆಯದು.

ಅಳೆಯುವ ಬಗೆ

ಕಾರಿನ ಮುಂಭಾಗದ ಪರದೆಯ ಮೇಲೆ ಬರುವ ಸರಾಸರಿಯನ್ನು ನಂಬಿ ಲೆಕ್ಕ ಬರೆಯಬಾರದು. ಅದು ಸಾಮಾನ್ಯವಾಗಿ ಉದಾರಿ. ಟ್ಯಾಂಕಿನಿಂದ ಟ್ಯಾಂಕಿಗೆ ಅಳೆಯುವುದೇ ಸರಿಯಾದ ಕ್ರಮ. ಆದರೆ ಇದರಲ್ಲೂ ಡೀಸೆಲಿನ ಒಂದು ತೊಡಕಿದೆ. ಡೀಸೆಲ್ ಹಾಕುವಾಗ ನೊರೆ ಏಳುತ್ತದೆ, ಪಂಪಿನ ನಳಿಕೆ ಬೇಗ ನಿಂತುಬಿಡುತ್ತದೆ. ಒಮ್ಮೆ ನೊರೆಗೆ ನಿಂತು, ಇನ್ನೊಮ್ಮೆ ನಿಜವಾಗಿ ತುಂಬಿದರೆ ಒಂದೂವರೆ ಲೀಟರಿನ ವ್ಯತ್ಯಾಸ ಬರಬಹುದು. ಹತ್ತು ಲೀಟರಿಗೆ ಲೆಕ್ಕ ಹಾಕಿದವನಿಗೆ ಅದು ಶೇ. 15ರ ತಪ್ಪು. ಮೂವತ್ತೈದು ಲೀಟರಿಗೆ ಹಾಕಿದವನಿಗೆ ಶೇ. 4ರಷ್ಟು ಮಾತ್ರ. ಆದ್ದರಿಂದ ಒಂದೇ ಪಂಪು, ಒಂದೇ ನಳಿಕೆ, ಸಮತಟ್ಟಾದ ಜಾಗ. ಟ್ಯಾಂಕು ಬಹುತೇಕ ಬರಿದಾದ ಮೇಲೆಯೇ ತುಂಬಿಸುವುದು. ಕಡಿಮೆಯೆಂದರೆ ಮೂರು ಟ್ಯಾಂಕುಗಳ ಕಿಲೋಮೀಟರುಗಳನ್ನು ಕೂಡಿಸಿ, ಲೀಟರುಗಳನ್ನು ಕೂಡಿಸಿ ಭಾಗಿಸುವುದು. ಒಂದು ಟ್ಯಾಂಕಿನ ಅಂಕಿಯನ್ನು ಹಿಡಿದು ಅಂಗಡಿಯ ಕಟ್ಟೆಯ ಮೇಲೆ ವಾದಿಸುವವರಿಂದ ದೂರವಿರುವುದು ಲೇಸು. ದಿನಾಂಕ, ಓಡಿದ ದೂರ, ಲೀಟರು, ರೂಪಾಯಿ, ಈ ನಾಲ್ಕು ಕಲಮುಗಳ ಪುಸ್ತಕವೊಂದು ಕಾರಿನಲ್ಲಿದ್ದರೆ ಮೈಲೇಜು ತಿಳಿಯುತ್ತದೆ, ಚಾಲಕನ ಲೆಕ್ಕವೂ ತಿಳಿಯುತ್ತದೆ, ವರ್ಷದ ಕೊನೆಯಲ್ಲಿ ಲೆಕ್ಕಪರಿಶೋಧಕರಿಗೆ ಆಧಾರವೂ ಆಗುತ್ತದೆ. ಡೀಸೆಲ್ ಜಿ.ಎಸ್.ಟಿ. ವ್ಯಾಪ್ತಿಗೆ ಸೇರಿಲ್ಲವಾದ್ದರಿಂದ ಅದರ ಮೇಲಿನ ತೆರಿಗೆಯಲ್ಲಿ ನಮಗೆ ಹಿಂದಿರುಗುವುದು ಏನೂ ಇಲ್ಲ.

ಲಾಭ ಎಷ್ಟು ಕಿಲೋಮೀಟರಿಗೆ?

2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿತ್ತು. ಡೀಸೆಲ್ 41 ರೂಪಾಯಿಯ ಒಳಗಿತ್ತು. 2013ರ ಜನವರಿಯಿಂದ ಡೀಸೆಲ್ ದರವನ್ನು ತಿಂಗಳಿಗಿಷ್ಟು ಪೈಸೆಯಂತೆ ಏರಿಸುತ್ತ ಬಂದು, 2014ರ ಅಕ್ಟೋಬರಿನಲ್ಲಿ ಸಂಪೂರ್ಣ ನಿಯಂತ್ರಣಮುಕ್ತಗೊಳಿಸಲಾಯಿತು. 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ ಸುಮಾರು 91 ರೂಪಾಯಿ, ಪೆಟ್ರೋಲ್ ಸುಮಾರು 103 ರೂಪಾಯಿ ಆಯಿತು. ಮೂವತ್ತೆರಡು ರೂಪಾಯಿಯ ಅಂತರ ಹನ್ನೆರಡಕ್ಕೆ ಇಳಿದಿದೆ.

ಒಂದು ಉದಾಹರಣೆ ನೋಡೋಣ. ಡೀಸೆಲ್ ಕಾರು ನಮ್ಮ ರಸ್ತೆಯಲ್ಲಿ 20, ಪೆಟ್ರೋಲ್ ಕಾರು 15 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಂಡರೆ 2012ರ ದರದಲ್ಲಿ ಕಿಲೋಮೀಟರಿಗೆ ಕ್ರಮವಾಗಿ 2.05 ಮತ್ತು 4.88 ರೂಪಾಯಿ, ಡೀಸೆಲ್ ಖರ್ಚು ಅರ್ಧಕ್ಕೂ ಕಡಿಮೆ. 2025ರ ಆ ದರದಲ್ಲಿ 4.55 ಮತ್ತು 6.87, ಖರ್ಚು ಮೂರರಲ್ಲಿ ಎರಡು ಭಾಗ, ಉಳಿತಾಯ ಕಿಲೋಮೀಟರಿಗೆ 2.32 ರೂಪಾಯಿ. ಡೀಸೆಲ್ ಕಾರಿಗೆ ಒಂದು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಹಿಂದಿರುಗಲು ಸುಮಾರು 43,000 ಕಿ.ಮೀ. ಓಡಬೇಕು. ತಿಂಗಳಿಗೆ 3,000 ಕಿ.ಮೀ. ತಿರುಗುವವನಿಗೆ ಹದಿನಾಲ್ಕೂವರೆ ತಿಂಗಳು. ಸಾವಿರ ಕಿ.ಮೀ. ತಿರುಗುವವನಿಗೆ ಮೂರೂವರೆ ವರ್ಷಕ್ಕೂ ಹೆಚ್ಚು. ಮನೆ, ಅಂಗಡಿ, ಮಿಲ್ಲುಗಳ ನಡುವೆ ತಿಂಗಳಿಗೆ 400 ಕಿ.ಮೀ. ಓಡಿಸುವವನಿಗೆ ಒಂಬತ್ತು ವರ್ಷ. ಹೆಚ್ಚಿನ ಲಕ್ಷದ ಮೇಲಿನ ಬಡ್ಡಿಯನ್ನೂ ಡೀಸೆಲ್ ಎಂಜಿನ್ನಿನ ದುಬಾರಿ ಸರ್ವೀಸನ್ನೂ ಇಲ್ಲಿ ಸೇರಿಸಿಲ್ಲ. ಪೆಟ್ರೋಲಿನ ಪಕ್ಷದಲ್ಲೂ ಒಂದು ಕಳೆತವಿದೆ: ಶೇ. 20ರ ಎಥನಾಲ್ ಮಿಶ್ರಣದಿಂದ ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳ ಮೈಲೇಜು ಶೇ. 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ.

ಹೀಗಾಗಿ ಮೊದಲು ತಿಳಿಯಬೇಕಾದುದು ತಮ್ಮ ತಿಂಗಳ ಓಟ. ಅದು ವ್ಯಾಪಾರದಿಂದ ಮಾತ್ರ ಬದಲಾಗುವುದಿಲ್ಲ. ಹರಪನಹಳ್ಳಿಯನ್ನೇ ನೋಡಿ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲಾ ಕಚೇರಿಯ ಕೆಲಸಕ್ಕೆ ಅಲ್ಲಿನ ವರ್ತಕರು ಹೋಗಬೇಕಾದ ಹೊಸಪೇಟೆ, ದಾವಣಗೆರೆಗಿಂತ ದೂರ. ಸರಕು ಮಾತ್ರ ಇಂದಿಗೂ ದಾವಣಗೆರೆಯ ಕಡೆಗೇ ಹರಿಯುತ್ತದೆ. ಒಂದೇ ಕಾರು ಎರಡೂ ದಿಕ್ಕಿಗೆ ಓಡುವಾಗ ಡೀಸೆಲ್ ಲೆಕ್ಕ ಅಲ್ಲಿ ಈಗಲೂ ಕೂಡಿಬರುತ್ತದೆ. ಕೊಟ್ಟೂರಿನ ಪೇಟೆಯೊಳಗೇ ತಿರುಗುವವರಿಗೆ ಕೂಡಿಬರುವುದಿಲ್ಲ. ಅಂಥವರು ಬಿ.ಎಸ್.-6 ಡೀಸೆಲ್ ಕೊಳ್ಳುವುದಂತೂ ಬೇಡ; ಅದರ ಹೊಗೆಮಸಿ ಸೋಸುಕ ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳಲು ಆಗಾಗ ತಡೆಯಿಲ್ಲದ ದೂರದ ಓಟ ಬೇಕು.

ಹಳೆಯ ಡೀಸೆಲ್ ಕಾರು ಕೊಳ್ಳುವವರು ಮೈಲೇಜಿನ ಆಸೆಗೆ ಮೊದಲು ಇಂಜೆಕ್ಟರುಗಳನ್ನು ಪರೀಕ್ಷಿಸಬೇಕು. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುವ ಈ ಬಿಡಿಭಾಗಗಳಿಗೆ ನೀರು ಸೇರಿದ ಡೀಸೆಲ್ ವಿಷವಿದ್ದಂತೆ. ಬೆಳಿಗ್ಗೆ ತಣ್ಣಗಿರುವಾಗಲೇ ಎಂಜಿನ್ ಚಾಲೂ ಮಾಡಿಸಿ, ಹೊಗೆಯ ಬಣ್ಣ ನೋಡಿ, ಒಂದು ಟ್ಯಾಂಕು ಓಡಿಸಿ ಅಳೆಯಲು ಒಪ್ಪದವನ ಕಾರನ್ನು ಬಿಟ್ಟುಬಿಡಬಹುದು. 2010–13ರ ನಡುವೆ ನೋಂದಣಿಯಾದ ಕಾರುಗಳಿಗೆ ಹದಿನೈದು ವರ್ಷ ತುಂಬುವ ಕಾಲವಿದು. ಆ ಬಳಿಕ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕವನ್ನು 600ರಿಂದ 5,000 ರೂಪಾಯಿಗೆ ಏರಿಸಲಾಗಿದೆ. ಚೌಕಾಸಿ ಮಾಡುವಾಗ ಈ ಮೊತ್ತವನ್ನು ಮಾರುವವನ ಲೆಕ್ಕಕ್ಕೇ ಹಾಕಬೇಕು.