ಅಂಕವಿಲ್ಲದ ಜಪಾನಿ ಮಾತು

ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆ ಬೆಂಗಳೂರಿನಲ್ಲೂ ನಡೆಯುತ್ತದೆ. ಎನ್5 ಮೊದಲ ಹಂತ, ಎನ್1 ಕೊನೆಯದು. ಪದ, ವ್ಯಾಕರಣ, ಓದು, ಕೇಳುವಿಕೆ ಎಲ್ಲಕ್ಕೂ ಅಂಕ. ಮಾತಾಡುವುದಕ್ಕೆ ಮಾತ್ರ ಇಲ್ಲ. ಅಂಕವಿಲ್ಲದ್ದನ್ನು ಯಾರು ಮಾಡುತ್ತಾರೆ? ಬಿಡದಿಯ ಟೊಯೊಟಾದಲ್ಲಿ ಲೆಕ್ಕ ಬರೆಯುವ ಕನಸಿಟ್ಟುಕೊಂಡು ಶುರು ಮಾಡಿದವಳು ಎರಡೇ ತಿಂಗಳಿಗೆ ಬಾಯಿ ಮುಚ್ಚಿದೆ. ತಿಪಟೂರಿನಲ್ಲಿ ಯಾರ ಜೊತೆ ಮಾತಾಡಲಿ?

ಮತ್ತೆ ಹಿಡಿಸಿದ್ದು ಕನ್ನಡ. ಮನೆಮಾತು ಉರ್ದುವಿನಲ್ಲಿ 'ಅವನು ಹೇಳಿದ' ಮೊದಲು ಬಂದು, ಹೇಳಿದ ಮಾತು ಆಮೇಲೆ ಬರುತ್ತದೆ. ಜಪಾನಿಯಲ್ಲಿ ಮಾತು ಮೊದಲು, ಆಮೇಲೆ 'ತೊ', ಕೊನೆಗೆ 'ಹೇಳಿದ'. ಥೇಟ್ ನಮ್ಮ 'ಅಂತ ಹೇಳಿದ'. 'ಬಂದ್ರಾ?' ಎಂಬಂತೆ ಪ್ರಶ್ನೆಯ ಗುರುತು 'ಕಾ' ಕೂಡ ಕೊನೆಯಲ್ಲೇ. ಹ್ರಸ್ವ ದೀರ್ಘವೂ ಇದೆ: 'ಒಬಸನ್' ಅಂದರೆ ಚಿಕ್ಕಮ್ಮ, 'ಒಬಾಸನ್' ಅಂದರೆ ಅಜ್ಜಿ. ದೀರ್ಘ ಮರೆತು ದಾದಿಯನ್ನು ಕರೆದೆ. ಅವರಿಗೆ ಇಪ್ಪತ್ತು ವರ್ಷ ಕಮ್ಮಿಯಾಯಿತು!

ಈಗ ದಿನಕ್ಕೊಂದು ಕೆಲಸ ಜಪಾನಿಯಲ್ಲಿ. ಅಬ್ಬಾ ಅಟ್ಟಕ್ಕೆ ಕಾಯಿ ಹಾಕುವಾಗ ಇಕ್ಕೊ, ನಿಕೊ, ಸಂಕೊ ಎಂದು ಎಣಿಸುತ್ತೇನೆ. ನಡುವೆ ಲೆಕ್ಕ ತಪ್ಪಿ ಬೈಸಿಕೊಂಡದ್ದೂ ಇದೆ.

ನಿಜವಾದ ತೊಡಕು ನಾಚಿಕೆ. ಐದನೇ ಕ್ಲಾಸಿನಲ್ಲಿ 'ಬಸ್ಸು ಬಂದಳು' ಅಂದಿದ್ದೆ, ಉರ್ದುವಿನಲ್ಲಿ ಬಸ್ಸು ಸ್ತ್ರೀಲಿಂಗ. ಇಡೀ ಕ್ಲಾಸು ನಕ್ಕಿತು. ಒಂದು ವಾರ ನಾನು ಕನ್ನಡ ಮಾತಾಡಲಿಲ್ಲ. ಆಮೇಲೆ ಮಾತಾಡದೆ ವಿಧಿಯಿರಲಿಲ್ಲ, ಹಾಗೇ ಬಂತು. ಜಪಾನಿಯಲ್ಲಿ ಬಂದ, ಬಂದಳು, ಬಂತು ಎಲ್ಲಕ್ಕೂ ಒಂದೇ 'ಕಿಮಶಿತ'. ತುರುವೇಕೆರೆ ಬಸ್ಸು ಕಂಡಾಗ 'ಬಸು ಗ ಕಿಮಶಿತ' ಅನ್ನುತ್ತೇನೆ, ಪಕ್ಕದವರಿಗೂ ಕೇಳುವಷ್ಟು ಜೋರಾಗಿ.