ಆಟದ ನೇರ ಪ್ರಸಾರ: ಧ್ವನಿಗಳನ್ನು ಬೇರೆಬೇರೆಯಾಗಿ ಹಿಡಿದಿಡುವ ಕ್ರಮ

ಹೊರನಾಡಿನಲ್ಲಿ ದುಡಿಯುವ ನಮ್ಮ ತರುಣರಲ್ಲಿ ಕೆಲವರು ಕಂಪ್ಯೂಟರಿನಲ್ಲಿ ಆಟವಾಡುತ್ತ, ಕನ್ನಡದಲ್ಲಿ ಅದರ ವಿವರಣೆ ಹೇಳುತ್ತ, ಯೂಟ್ಯೂಬ್ ಅಥವಾ ಟ್ವಿಚ್ ಮೂಲಕ ನೇರ ಪ್ರಸಾರ ಮಾಡುತ್ತಾರೆ. ಪಾಳಿ ಮುಗಿದ ಮೇಲೆ ಸಿಗುವುದೇ ಒಂದೆರಡು ತಾಸು. ಅಷ್ಟು ಹೊತ್ತು ಮಾತಾಡಿ, ಮರುದಿನ ಕೇಳಿ ನೋಡಿದರೆ ಗುಂಡಿನ ಸದ್ದಿನಲ್ಲಿ ತಮ್ಮ ಮಾತೇ ಮುಳುಗಿಹೋಗಿರುತ್ತದೆ. ಆ ಶ್ರಮ ವ್ಯರ್ಥವಾಗದಂತೆ ನೋಡಿಕೊಳ್ಳುವ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸಲಾಗಿದೆ. ಇದಕ್ಕೆ ಹಣದ ಖರ್ಚಿಲ್ಲ.

ಯಕ್ಷಗಾನವನ್ನು ಸಭೆಯಲ್ಲಿ ಕುಳಿತು ಒಂದೇ ಮೈಕಿನಿಂದ ಧ್ವನಿಮುದ್ರಿಸಿದರೆ ಭಾಗವತರ ಪದ, ಮದ್ದಳೆ, ಚೆಂಡೆ ಎಲ್ಲವೂ ಒಂದಾಗಿ ಸೇರುತ್ತವೆ. ಚೆಂಡೆ ಜೋರಾಯಿತೆಂದು ಆಮೇಲೆ ಅದನ್ನಷ್ಟೇ ತಗ್ಗಿಸಲು ಬರುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಮೈಕು, ಬೇರೆ ಪಟ್ಟಿ ಇದ್ದರೆ ಯಾವುದನ್ನು ಬೇಕಾದರೂ ಏರಿಸಿ ಇಳಿಸಬಹುದು. ಈ ಪಟ್ಟಿಗೇ ಟ್ರ್ಯಾಕ್ ಎನ್ನುತ್ತಾರೆ. ಬೆರೆತ ಧ್ವನಿಯನ್ನು ಬೇರ್ಪಡಿಸುವ ಸಾಧನಗಳು ಈಗ ಬಂದಿವೆಯಾದರೂ, ಮೊದಲೇ ಬೇರೆಯಾಗಿಟ್ಟ ಧ್ವನಿಯ ಸ್ವಚ್ಛತೆ ಅವುಗಳಿಂದ ಬಾರದು. ಹಾಲಿಗೆ ನೀರು ಸೇರಿಸುವುದು ಸುಲಭ, ತೆಗೆಯುವುದು ಕಷ್ಟ.

ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು ಓಬಿಎಸ್ ಸ್ಟುಡಿಯೋ ಎಂಬ ತಂತ್ರಾಂಶ. 2012ರಲ್ಲಿ ಮೊದಲು ಹೊರಬಂದ ಇದು ಇಂದಿಗೂ ಉಚಿತ. ಇದರಲ್ಲಿ 6 ಟ್ರ್ಯಾಕುಗಳಿವೆ.

ಮೊದಲನೆಯದಾಗಿ, ಧ್ವನಿಯ ಮೂಲಗಳನ್ನು ಬೇರೆ ಮಾಡಬೇಕು. ಸೆಟ್ಟಿಂಗ್ಸ್‌ನ ಆಡಿಯೋ ವಿಭಾಗದಲ್ಲಿ ‘ಡೆಸ್ಕ್‌ಟಾಪ್ ಆಡಿಯೋ’ವನ್ನು ನಿಲ್ಲಿಸಿರಿ. ಅದು ಕಂಪ್ಯೂಟರಿನ ಎಲ್ಲ ಸದ್ದನ್ನೂ ಒಟ್ಟಿಗೆ ಹಿಡಿಯುವುದರಿಂದ, ಬಿಟ್ಟರೆ ಪ್ರತಿ ಸದ್ದೂ ಎರಡೆರಡು ಸಲ ದಾಖಲಾಗುತ್ತದೆ. ಬಳಿಕ ಸೋರ್ಸಸ್ ಪಟ್ಟಿಯಲ್ಲಿ ‘ಅಪ್ಲಿಕೇಶನ್ ಆಡಿಯೋ ಕ್ಯಾಪ್ಚರ್’ ಎಂಬುದನ್ನು ಆಟಕ್ಕೊಂದು, ಗೆಳೆಯರೊಡನೆ ಮಾತಾಡುವ ಡಿಸ್ಕಾರ್ಡಿಗೊಂದು, ಹಾಡಿಗೊಂದು ಸೇರಿಸಿರಿ. 2022ರ 28ನೆಯ ಆವೃತ್ತಿಯೊಡನೆ ಬಂದ ಈ ಸೌಲಭ್ಯ ವಿಂಡೋಸ್ 11ರಲ್ಲಿಯೂ, ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿಯೂ ನಡೆಯುತ್ತದೆ.

ಎರಡನೆಯದಾಗಿ, ಎಡಿಟ್ ಪಟ್ಟಿಯಲ್ಲಿ ‘ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್’ ತೆರೆಯಿರಿ. ಪ್ರತಿ ಮೂಲದ ಎದುರು 1ರಿಂದ 6ರವರೆಗೆ ಚೌಕಗಳಿರುತ್ತವೆ. ಒಂದನೆಯ ಚೌಕಕ್ಕೆ ಎಲ್ಲ ಮೂಲಗಳಲ್ಲಿಯೂ ಗುರುತು ಹಾಕಿರಿ. ನೇರ ಪ್ರಸಾರದಲ್ಲಿ ಜನರು ಕೇಳುವುದು ಇದನ್ನೇ. ಇದಲ್ಲದೆ ಮೈಕಿಗೆ 2, ಆಟಕ್ಕೆ 3, ಗೆಳೆಯರ ಮಾತಿಗೆ 4, ಹಾಡಿಗೆ 5 ಎಂದು ಗುರುತು ಹಾಕಿ, ಉಳಿದ ಗುರುತುಗಳನ್ನು ತೆಗೆಯಿರಿ.

ಮೂರನೆಯದಾಗಿ, ಸೆಟ್ಟಿಂಗ್ಸ್‌ನ ಔಟ್‌ಪುಟ್ ವಿಭಾಗದಲ್ಲಿ ‘ಅಡ್ವಾನ್ಸ್ಡ್’ ಆರಿಸಿ, ರೆಕಾರ್ಡಿಂಗ್ ಪುಟದಲ್ಲಿ 1ರಿಂದ 5ರವರೆಗಿನ ಟ್ರ್ಯಾಕುಗಳಿಗೆ ಗುರುತು ಹಾಕಿರಿ. ಇದನ್ನು ಮರೆತರೆ ಹಿಂದಿನದೆಲ್ಲ ನಿಷ್ಫಲ. ಕಡತದ ರೂಪ ಎಂಕೆವಿ ಇರಲಿ. ನಡುವೆ ಕರೆಂಟು ಹೋದರೂ ಅಲ್ಲಿಯವರೆಗಿನ ಭಾಗ ಉಳಿಯುತ್ತದೆ. ಸಂಕಲನಕ್ಕೆ ಎಂಪಿ4 ಬೇಕಾದರೆ ಫೈಲ್ ಪಟ್ಟಿಯ ‘ರೀಮಕ್ಸ್ ರೆಕಾರ್ಡಿಂಗ್ಸ್’ ಕೆಲವೇ ಕ್ಷಣಗಳಲ್ಲಿ ಮಾಡಿಕೊಡುತ್ತದೆ. ಸೆಕೆಂಡಿಗೆ 160 ಕಿಲೋಬಿಟ್ ಲೆಕ್ಕದಲ್ಲಿ ಒಂದು ಟ್ರ್ಯಾಕಿಗೆ ತಾಸಿಗೆ ಸುಮಾರು 72 ಮೆಗಾಬೈಟ್ ಜಾಗ ಸಾಕು.

ಇಲ್ಲೊಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಬೇರೆಬೇರೆ ಟ್ರ್ಯಾಕುಗಳು ಪ್ರಸಾರದಲ್ಲಿ ಹೋಗುವುದಿಲ್ಲ, ನಿಮ್ಮ ಕಂಪ್ಯೂಟರಿನ ಕಡತದಲ್ಲಿ ಮಾತ್ರ ಉಳಿಯುತ್ತವೆ. ಆದ್ದರಿಂದ ‘ಸ್ಟಾರ್ಟ್ ಸ್ಟ್ರೀಮಿಂಗ್’ ಜೊತೆಗೆ ‘ಸ್ಟಾರ್ಟ್ ರೆಕಾರ್ಡಿಂಗ್’ ಗುಂಡಿಯನ್ನೂ ಒತ್ತಬೇಕು.

ಹಾಡನ್ನು ಪ್ರತ್ಯೇಕವಾಗಿಡಲು ಇನ್ನೊಂದು ಕಾರಣವಿದೆ. ಕೃತಿಸ್ವಾಮ್ಯದ ದೂರುಗಳು ಬಂದುದರಿಂದ 2020ರಲ್ಲಿ ಟ್ವಿಚ್ ಅನೇಕರ ಹಳೆಯ ದೃಶ್ಯಗಳನ್ನು ಅಳಿಸಿಹಾಕಿತು. ವರ್ಷಗಳ ದುಡಿಮೆ ಹಿನ್ನೆಲೆಯ ಒಂದು ಹಾಡಿನಿಂದ ಹೋಗಬಹುದು. ಟ್ವಿಚ್ ಬಳಸುವವರು ಹಾಡನ್ನು ಬಿಟ್ಟು ಉಳಿದುದನ್ನೆಲ್ಲ 6ನೆಯ ಟ್ರ್ಯಾಕಿಗೆ ಹಾಕಿ, ಔಟ್‌ಪುಟ್ ವಿಭಾಗದ ಸ್ಟ್ರೀಮಿಂಗ್ ಪುಟದಲ್ಲಿ ‘ಟ್ವಿಚ್ ವಿಓಡಿ ಟ್ರ್ಯಾಕ್’ ಎಂದು ಅದನ್ನು ಆರಿಸಿದರೆ, ಅಲ್ಲಿ ಉಳಿಯುವ ಪ್ರತಿಯಲ್ಲಿ ಹಾಡಿರುವುದಿಲ್ಲ. ಆದರೆ ಪರರ ಹಾಡನ್ನು ನೇರ ಪ್ರಸಾರದಲ್ಲಿ ನುಡಿಸಲು ಇದರಿಂದ ಅನುಮತಿ ಸಿಕ್ಕಂತಾಗುವುದಿಲ್ಲ. ಗೆಳೆಯರ ಮಾತೂ ಹೀಗೆಯೇ: ಕಡತದಿಂದ ತೆಗೆಯಬಹುದು, ಪ್ರಸಾರವಾದುದನ್ನು ಹಿಂದೆ ಕರೆಯಲಾಗದು. ಮೊದಲೇ ಅವರನ್ನು ಕೇಳಿಕೊಳ್ಳುವುದು ಮರ್ಯಾದೆ.

ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದನ್ನು ಮರೆಯಬಾರದು. ಸ್ಪೀಕರಿನಲ್ಲಿ ಆಟದ ಸದ್ದು ಮೊಳಗಿದರೆ ಅದು ಮೈಕಿಗೂ ನುಗ್ಗಿ, ಬೇರ್ಪಡಿಸಿದ್ದೆಲ್ಲ ಮತ್ತೆ ಬೆರೆಯುತ್ತದೆ. ಒಂದೇ ಕೋಣೆಯಲ್ಲಿ ಮಲಗಿರುವವರ ನಿದ್ದೆಯೂ ಕೆಡುತ್ತದೆ. ಫ್ಯಾನಿನ ಸದ್ದಿಗೆ ಮೈಕಿನ ಫಿಲ್ಟರುಗಳಲ್ಲಿ ‘ನಾಯ್ಸ್ ಸಪ್ರೆಶನ್’ ಇದೆ.

ಕಡೆಯದಾಗಿ, ಪ್ರಸಾರಕ್ಕೆ ಮುನ್ನ ಎರಡು ನಿಮಿಷ ಪರೀಕ್ಷೆಗಾಗಿ ರೆಕಾರ್ಡ್ ಮಾಡಿರಿ. ವಿಎಲ್‌ಸಿಯಲ್ಲಿ ತೆರೆದು, ಆಡಿಯೋ ಪಟ್ಟಿಯಲ್ಲಿ ಒಂದೊಂದೇ ಟ್ರ್ಯಾಕನ್ನು ಆರಿಸಿ ಕೇಳಿರಿ. ಎರಡನೆಯದರಲ್ಲಿ ನಿಮ್ಮ ಧ್ವನಿ ಮಾತ್ರ ಕೇಳಿಸಿದರೆ ವ್ಯವಸ್ಥೆ ಸರಿಯಾಗಿದೆ ಎಂದು ತಿಳಿಯಬಹುದು. ಸಂಕಲನ ಮಾಡುವಾಗ ಎಲ್ಲವೂ ಬೆರೆತಿರುವ ಒಂದನೆಯ ಟ್ರ್ಯಾಕನ್ನು ಮುಚ್ಚಿ, ಉಳಿದವನ್ನು ಹದಮಾಡಿಕೊಂಡರೆ, ನೀವಾಡಿದ ಕನ್ನಡ ಕೇಳುವವರ ಕಿವಿಗೆ ಸ್ಪಷ್ಟವಾಗಿ ಮುಟ್ಟುತ್ತದೆ.